ತೆನೆಹಬ್ಬದ ಊಟಕ್ಕೆ ಎಷ್ಟು ಎಲೆ?



ಹಬ್ಬವೆಂದರೆ ಹೊಸ ಬಟ್ಟೆ, ಒಳ್ಳೆಯ ಊಟ ಇಷ್ಟೇ ಆಗಿದ್ದರೆ, ನಾವು ಅದನ್ನು ಬಾಗಿಲು ಮುಚ್ಚಿಕೊಂಡೇ ಆಚರಿಸಬಹುದಿತ್ತು. ಆದರೆ ಹಿರಿಯರು ಹಬ್ಬಕ್ಕೊಂದು ಕ್ರಮ ಇಟ್ಟಿದ್ದಾರೆ. ಆ ಕ್ರಮದಲ್ಲೇ ಪಾಠವಿದೆ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ ಆಚರಿಸುವ ತೆನೆಹಬ್ಬವನ್ನೇ ನೋಡಿ. ಮೊಂತಿ ಹಬ್ಬವೆಂದೂ ಅದಕ್ಕೆ ಹೆಸರು.

ಮೊದಲು ಒಂಬತ್ತು ದಿನಗಳ ನವೇನ. ಆಗಸ್ಟ್ 30ರಿಂದ ಮಕ್ಕಳು ಹೂ ತಂದು ಮಾತೆಯ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬ ಮಕ್ಕಳ ಕೈಯಿಂದಲೇ ಆರಂಭವಾಗುತ್ತದೆ. ಕೊನೆಯ ದಿನ ಅವರ ಕೈಗೆ ಕಬ್ಬೂ ಸಿಗುತ್ತದೆ.

ಎರಡನೆಯದು, ತೆನೆಯ ಆಶೀರ್ವಾದ. ಹೊಸ ಬತ್ತದ ತೆನೆಗಳನ್ನು ಗುರುಗಳು ಆಶೀರ್ವದಿಸುತ್ತಾರೆ. ಮೆರವಣಿಗೆ, ಬಲಿಪೂಜೆ ನಡೆಯುತ್ತದೆ. ಆಮೇಲೆ ಮನೆ ಮನೆಗೂ ತೆನೆ ಹಂಚುತ್ತಾರೆ. ಗದ್ದೆಯಿದ್ದವರಿಗೂ ಇಲ್ಲದವರಿಗೂ ಅದೇ ತೆನೆ. ನೆರೆಯ ತುಳುವರ ಮನೆಗಳಲ್ಲೂ ಹೊಸ ಅಕ್ಕಿಯ ಊಟ, ಪುದ್ವಾರ್, ಇದೆಯಲ್ಲವೇ? ಮಣ್ಣಿನ ಋಣ ಎಲ್ಲರಿಗೂ ಒಂದೇ.

ಮೂರನೆಯದು, ಮನೆಯ ಊಟ. ಪ್ರಾರ್ಥನೆಯ ನಂತರ ಹೊಸ ಅಕ್ಕಿಯ ಕಾಳುಗಳನ್ನು ಹಾಲಿಗೆ ಅಥವಾ ಪಾಯಸಕ್ಕೆ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಬಾಳೆಲೆಯಲ್ಲಿ ಮೀನು ಮಾಂಸವಿಲ್ಲದ ತರಕಾರಿ ಊಟ. ದೂರದ ಊರಿನಲ್ಲಿರುವವರಿಗೂ ತೆನೆಯ ಪಾಲು ಕಳುಹಿಸುವ ವಾಡಿಕೆಯಿದೆ.

ಪವಿತ್ರ ಗ್ರಂಥವೂ ಇದನ್ನೇ ಕಲಿಸುತ್ತದೆ. ಧರ್ಮೋಪದೇಶಕಾಂಡದ 16ನೆಯ ಅಧ್ಯಾಯ ಸುಗ್ಗಿಯ ಹಬ್ಬದಲ್ಲಿ ಯಾರು ಯಾರು ಸಂತೋಷಪಡಬೇಕೆಂದು ಪಟ್ಟಿಯನ್ನೇ ಕೊಡುತ್ತದೆ: ಮಗ, ಮಗಳು, ಮನೆಯ ಆಳುಗಳು, ಪರದೇಶಿ, ಅನಾಥ, ವಿಧವೆ. ಅಲ್ಲಿ ಭಕ್ಷ್ಯಗಳ ಪಟ್ಟಿಯಿಲ್ಲ, ಜನರ ಪಟ್ಟಿಯಿದೆ!

ಇಂದು ಎಷ್ಟೋ ಗದ್ದೆಗಳು ಮನೆ ನಿವೇಶನಗಳಾಗಿವೆ. ಮಕ್ಕಳು ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ತೆನೆಯನ್ನು ಬೇರೆ ಊರಿನಿಂದ ತರಿಸಬಹುದು, ಊಟವನ್ನು ಹೊರಗಿನಿಂದ ತರಿಸಬಹುದು. ಜೊತೆಗೆ ಕುಳಿತುಕೊಳ್ಳುವವರನ್ನು ಎಲ್ಲಿಂದ ತರಿಸುವುದು? ಪಕ್ಕದ ಮನೆಯ ವೃದ್ಧ ತಾಯಿ ಆ ದಿನ ಒಂದೇ ಎಲೆ ಹಾಕಿಕೊಂಡು ಕುಳಿತರೆ, ದೇವಾಲಯದಲ್ಲಿ ಎಷ್ಟೇ ವೈಭವವಿದ್ದರೂ ನಮ್ಮ ಹಬ್ಬ ಅಪೂರ್ಣ.

ಆದ್ದರಿಂದ ಈ ಬಾರಿ ಹಬ್ಬಕ್ಕೆ ಮೊದಲೇ ಆ ಮನೆಗೆ ಹೋಗಿ, ಅವರನ್ನು ಊಟಕ್ಕೆ ಕರೆಯಿರಿ. ನಡೆಯಲು ಆಗದವರಾದರೆ, ನಿಮ್ಮ ಊಟವನ್ನೇ ಅಲ್ಲಿಗೆ ಒಯ್ದು ಜೊತೆಯಲ್ಲಿ ಉಣ್ಣಿರಿ. ಆಶೀರ್ವದಿಸಿದ ತೆನೆಯನ್ನು ಮಕ್ಕಳ ಕೈಯಲ್ಲೇ ಕಳುಹಿಸಿರಿ. ಹಂಚುವುದನ್ನು ಅವರು ಹೀಗೆಯೇ ಕಲಿಯುತ್ತಾರೆ.

ಕುಟುಂಬದ ಚಿಂತನೆಗೆ: ನಮ್ಮ ಧರ್ಮಕೇಂದ್ರದಲ್ಲಿ ಹಬ್ಬದ ದಿನ ಒಂಟಿಯಾಗಿ ಉಣ್ಣುವವರು ಯಾರು? ಅವರಿಗಾಗಿ ನಮ್ಮ ಮನೆಯಲ್ಲಿ ಒಂದು ಎಲೆ ಹೆಚ್ಚು ಹಾಕೋಣವೇ?