ಗೂಬೆಯ ಮೇಲಿನ ಅಪವಾದ

ನಾಲ್ಕು ಜನ ಒಂದೆಡೆ ಕುಳಿತು ಹರಟುವಾಗ ಗೂಬೆಯ ಮಾತು ಬಂದರೆ ಸಾಕು, ಪ್ರತಿಯೊಬ್ಬರ ಬಳಿಯೂ ಹೇಳಲು ಒಂದು ಕಥೆಯಿರುತ್ತದೆ. ಗೂಬೆ ಮನೆಯ ಮೇಲೆ ಕುಳಿತರೆ ಮನೆ ಹಾಳಾಗುವುದೆಂದು ಒಬ್ಬರು, ಅದು ಕೂಗಿದರೆ ಸಾವು ಸಮೀಪಿಸಿತೆಂದು ಇನ್ನೊಬ್ಬರು, ಹಗಲಿನಲ್ಲಿ ಅದಕ್ಕೆ ಕಣ್ಣೇ ಕಾಣದೆಂದು ಮತ್ತೊಬ್ಬರು ಹೇಳುವರು. ಮಾಡದ ತಪ್ಪನ್ನು ಒಬ್ಬರ ತಲೆಗೆ ಕಟ್ಟುವುದಕ್ಕೆ ‘ಗೂಬೆ ಕೂರಿಸುವುದು’ ಎಂಬ ಮಾತೇ ನಮ್ಮ ಭಾಷೆಯಲ್ಲಿದೆ. ಇವುಗಳಲ್ಲಿ ನಿಜವೆಷ್ಟು, ಅಪವಾದವೆಷ್ಟು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಕಣ್ಣಿನ ವಿಷಯವನ್ನು ನೋಡೋಣ. ಗೂಬೆಗೆ ಹಗಲಿನಲ್ಲಿಯೂ ಕಣ್ಣು ಕಾಣುತ್ತದೆ. ಅದರ ಕಣ್ಣುಗಳು ನಮ್ಮವುಗಳಂತೆ ಗುಂಡಾಗಿರದೆ ಕೊಳವೆಯ ಆಕಾರದಲ್ಲಿದ್ದು, ಗುಳಿಯೊಳಗೆ ಬಿಗಿಯಾಗಿ ಕುಳಿತಿರುವುದರಿಂದ ಅತ್ತಿತ್ತ ಹೊರಳಲಾರವು. ಆದುದರಿಂದ ಪಕ್ಕಕ್ಕೆ ನೋಡಬೇಕಾದರೆ ಅದು ತಲೆಯನ್ನೇ ತಿರುಗಿಸಬೇಕು. ನಮ್ಮ ಕತ್ತಿನಲ್ಲಿ 7 ಮೂಳೆಗಳಿದ್ದರೆ ಅದರ ಕತ್ತಿನಲ್ಲಿ 14 ಇವೆ. ಹೀಗಾಗಿ ಅದು ಸುಮಾರು 270 ಡಿಗ್ರಿಯವರೆಗೆ ತಲೆಯನ್ನು ತಿರುಗಿಸಬಲ್ಲದು. ಇರುಳಿನಲ್ಲಿ ಬೆನ್ನ ಹಿಂದಕ್ಕೆ ಮುಖ ತಿರುಗಿಸಿ ದಿಟ್ಟಿಸುವ ಹಕ್ಕಿಯನ್ನು ಕಂಡು ಹಿಂದಿನವರು ಬೆಚ್ಚಿದ್ದರೆ ಅದರಲ್ಲಿ ಆಶ್ಚರ್ಯವೇನು?

ಕಣ್ಣಿಗಿಂತಲೂ ಸೋಜಿಗವಾದುದು ಕಿವಿ. ಹಳೆಯ ಕಟ್ಟಡಗಳಲ್ಲಿ ವಾಸಿಸುವ, ಬಿಳಿ ಮುಖದ ಕಣಜ ಗೂಬೆಯ ಎರಡು ಕಿವಿಗಳೂ ಒಂದೇ ಮಟ್ಟದಲ್ಲಿಲ್ಲ. ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಸದ್ದು ಯಾವ ಕಿವಿಗೆ ಮೊದಲು ತಲುಪಿತು ಎಂಬುದರಿಂದ ಇಲಿಯು ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನೂ, ಯಾವ ಕಿವಿಗೆ ಜೋರಾಗಿ ಕೇಳಿಸಿತು ಎಂಬುದರಿಂದ ಮೇಲಿದೆಯೋ ಕೆಳಗಿದೆಯೋ ಎಂಬುದನ್ನೂ ಅದು ಅರಿಯುತ್ತದೆ. ಅಮೆರಿಕದ ವಿಜ್ಞಾನಿ ರೋಜರ್ ಪೇನ್ ಅವರು ಬೆಳಕೇ ಇಲ್ಲದ ಕೋಣೆಯಲ್ಲಿ ಪ್ರಯೋಗ ನಡೆಸಿ, ಈ ಗೂಬೆಯು ಸದ್ದೊಂದರಿಂದಲೇ ಇಲಿಯನ್ನು ಹಿಡಿಯಬಲ್ಲದೆಂದು ತೋರಿಸಿದರು. ಸದ್ದು ಬರುವ ದಿಕ್ಕುಗಳ ನಕ್ಷೆಯೊಂದು ಅದರ ಮಿದುಳಿನಲ್ಲಿಯೇ ಇರುವುದನ್ನು ನುಡ್ಸೆನ್ ಮತ್ತು ಕೊನಿಶಿ ಎಂಬ ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದರು. ರೆಕ್ಕೆಯ ಮುಂದಿನ ಗರಿಯ ಅಂಚು ಬಾಚಣಿಗೆಯ ಹಲ್ಲಿನಂತಿದ್ದು, ಗರಿಗಳ ಮೈ ಮಕಮಲ್ಲಿನಂತೆ ಮೃದುವಾಗಿರುವುದರಿಂದ ಅದು ಹಾರುವ ಸದ್ದು ಇಲಿಗೆ ಕೇಳಿಸದು.

ಇನ್ನು ಶಕುನದ ಮಾತು. ಮಹಾಭಾರತದ ಸೌಪ್ತಿಕ ಪರ್ವದಲ್ಲಿ, ನಿದ್ರಿಸುತ್ತಿದ್ದ ಕಾಗೆಗಳನ್ನು ಗೂಬೆಯೊಂದು ಕೊಲ್ಲುವುದನ್ನು ಕಂಡೇ ಅಶ್ವತ್ಥಾಮನು ರಾತ್ರಿಯ ಸಂಹಾರವನ್ನು ಯೋಚಿಸುತ್ತಾನೆ. ಅಪಕೀರ್ತಿಯು ಅಷ್ಟು ಹಳೆಯದು. ಆದರೆ ಬುಡಬುಡಕೆಯವನು ನಸುಕಿನಲ್ಲಿ ಬಾಗಿಲಿಗೆ ಬಂದು ಹಾಲಕ್ಕಿ ಶುಭ ನುಡಿಯಿತೆಂದರೆ ನಾವು ಸಂತೋಷದಿಂದ ಮೊರದಲ್ಲಿ ಧಾನ್ಯ ತಂದು ಕೊಡುತ್ತೇವೆ. ಆ ಹಾಲಕ್ಕಿಯು ಬಿಳಿ ಚುಕ್ಕೆಗಳುಳ್ಳ ಪುಟ್ಟ ಗೂಬೆಯೇ ಅಲ್ಲವೇ? ಅದರ ಹತ್ತಿರದ ಬಂಧುವಾದ ಇನ್ನೊಂದು ಪುಟ್ಟ ಗೂಬೆಯನ್ನು ಗ್ರೀಕರು ವಿದ್ಯಾದೇವತೆಯಾದ ಅಥೀನಾಳ ಹಕ್ಕಿಯೆಂದು ಮನ್ನಿಸಿ ತಮ್ಮ ಬೆಳ್ಳಿಯ ನಾಣ್ಯಗಳ ಮೇಲೆ ಮುದ್ರಿಸಿದರು. ಬಂಗಾಳದಲ್ಲಿ ಗೂಬೆಯು ಲಕ್ಷ್ಮಿಯ ವಾಹನ. ಒಂದೇ ಕುಲದ ಹಕ್ಕಿ ಒಂದು ಕಡೆ ಶುಭ, ಮತ್ತೊಂದು ಕಡೆ ಅಶುಭವೆಂದ ಮೇಲೆ ಶಕುನವು ಹಕ್ಕಿಯಲ್ಲಿಲ್ಲ, ನಮ್ಮ ಮನಸ್ಸಿನಲ್ಲಿದೆ. ಗೂಬೆ ಹೊಕ್ಕಿದ್ದರಿಂದ ಮನೆ ಹಾಳಾಗುವುದಿಲ್ಲ. ಹಾಳುಬಿದ್ದ ಮನೆಯಲ್ಲಿ ಜನಸಂಚಾರವಿಲ್ಲದೆ ಇಲಿಗಳು ಹೆಚ್ಚುವುದರಿಂದ ಗೂಬೆಯು ಅಲ್ಲಿಗೆ ಬರುತ್ತದೆ. ಕಾರ್ಯವನ್ನೇ ಕಾರಣವೆಂದು ಭಾವಿಸುವ ಈ ದೋಷವನ್ನು ತರ್ಕಶಾಸ್ತ್ರ ಓದದವರೂ ಕಾಣಬಹುದು.

ಈ ಅಪವಾದದ ಫಲವನ್ನು ಉಣ್ಣುವವರು ಗೂಬೆಯೂ ಹೌದು, ರೈತನೂ ಹೌದು. ಗೂಬೆಯು ನುಂಗಿದ ಇಲಿಯ ಕೂದಲು ಮತ್ತು ಮೂಳೆಗಳನ್ನು ಉಂಡೆಮಾಡಿ ಕಕ್ಕುತ್ತದೆ. ಮರದ ಬುಡದಲ್ಲಿ ಬಿದ್ದ ಆ ಉಂಡೆಯನ್ನು ಬಿಡಿಸಿದರೆ ಅದರ ಊಟದ ಲೆಕ್ಕ ಸಿಕ್ಕುತ್ತದೆ. ಇಸ್ರೇಲಿನ ಸ್ದೆ ಎಲಿಯಾಹು ಎಂಬಲ್ಲಿ 1983ರಲ್ಲಿ ಹೊಲಗಳ ನಡುವೆ ಗೂಬೆಗಳಿಗಾಗಿ ಮರದ ಪೆಟ್ಟಿಗೆಗಳನ್ನಿಟ್ಟು, ಇಲಿಗಳ ಹಾವಳಿಯನ್ನು ತಡೆಯಲು ಮೊದಲುಮಾಡಿದರು. ನಾವಾದರೋ ಇಲಿಗೆ ವಿಷವಿಡುತ್ತೇವೆ. ವಿಷ ತಿಂದ ಇಲಿಯನ್ನು ತಿಂದು ಗೂಬೆಯೂ ಸಾಯುತ್ತದೆ. ಮಾಟಮಂತ್ರಗಳಿಗಾಗಿ ಗೂಬೆಗಳನ್ನು ಹಿಡಿದು ಮಾರುವ ದಂಧೆಯನ್ನು ಟ್ರಾಫಿಕ್ ಇಂಡಿಯಾ ಸಂಸ್ಥೆಯು 2010ರ ವರದಿಯಲ್ಲಿ ಬಯಲಿಗೆಳೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದು ಅಪರಾಧ.

ಕಾಯಿದೆಯೊಂದೇ ಹಕ್ಕಿಯನ್ನು ಕಾಯಲಾರದು. ಪದವಿ ಪಡೆದು ಊರಿಗೆ ಮರಳುವ ನಾವು, ಜಗಲಿಯ ಹರಟೆಯಲ್ಲಿ ಗೂಬೆಯ ಮಾತು ಬಂದಾಗ ಸುಮ್ಮನಿರದೆ ತಿಳಿದುದನ್ನು ವಿನಯದಿಂದ ಹೇಳಬೇಕು. ನಮ್ಮ ಕಣಜವನ್ನು ಕಾಯುವ ಹಕ್ಕಿಯ ಮೇಲೆಯೇ ಗೂಬೆ ಕೂರಿಸುವುದು ನ್ಯಾಯವಲ್ಲ.