ನಿದ್ದೆಗೆಟ್ಟವರು ಬೇರೆ, ನಿದ್ದೆ ಬಾರದವರು ಬೇರೆ

ಪ್ರಶ್ನೆ: ಡಾಕ್ಟರೇ, ನನಗೆ 52 ವರ್ಷ. ಅಡಿಕೆ ತೋಟವಿದೆ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಿದ್ದ ವಾರ ನಡುರಾತ್ರಿ ಎದ್ದು ಮೋಟಾರ್ ಹಾಕಿ, ನೀರು ಹಾಯಿಸಿ ಬರುತ್ತೇನೆ. ಎಚ್ಚರವಿರಲೆಂದು ಟೀ ಕುಡಿದು, ಎಲೆ ಅಡಿಕೆ ಹಾಕಿಕೊಳ್ಳುತ್ತೇನೆ. ಹಗಲೆಲ್ಲ ತೂಕಡಿಕೆ. ನಿದ್ದೆ ಮಾತ್ರೆ ತೆಗೆದುಕೊಳ್ಳಬಹುದೇ?
– ಒಬ್ಬ ರೈತರು, ಬಬ್ಬೂರು

ಉತ್ತರ: ಬೇಡ. ನಿಮಗೆ ನಿದ್ದೆ ಬರುತ್ತದೆ, ಮಲಗಲು ಸಮಯ ಸಿಗುತ್ತಿಲ್ಲ. ಇದಕ್ಕೆ ಮಾತ್ರೆ ಮದ್ದಲ್ಲ. ಮಾತ್ರೆಯ ಮಂಪರಿನಲ್ಲಿ, ಕತ್ತಲಲ್ಲಿ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದರೆ ಜೀವಕ್ಕೇ ಅಪಾಯ.

ಪಾಳಿಯ ವಾರ ಸಂಜೆ ಏಳಕ್ಕೇ ಊಟ ಮುಗಿಸಿ ಬೇಗ ಮಲಗಿ. ನೀರು ಹಾಯಿಸಿ ಬಂದ ಮೇಲೆ ಮೊಬೈಲ್ ಹಿಡಿಯಬೇಡಿ. ರಾತ್ರಿಯ ಬೆಳಕು ನಿದ್ದೆಗೆ ನೆರವಾಗುವ ಮೆಲಟೋನಿನ್ ಅನ್ನು ತಗ್ಗಿಸುತ್ತದೆ. ಟೀಯಲ್ಲಿರುವ ಕೆಫೀನ್‌ನ ಅರ್ಧ ಭಾಗ ಸುಮಾರು ಐದು ಗಂಟೆ ಕಳೆದರೂ ಮೈಯಲ್ಲೇ ಉಳಿದಿರುತ್ತದೆ. ಅಡಿಕೆಯ ಅರೆಕೋಲಿನ್, ಹೊಗೆಸೊಪ್ಪಿನ ನಿಕೋಟಿನ್ ಕೂಡ ನರಗಳನ್ನು ಕೆರಳಿಸುತ್ತವೆ.

ಬಾಕಿ ನಿದ್ದೆಯನ್ನು ಮರುದಿನ ಬೆಳಿಗ್ಗೆ ತೀರಿಸಿಕೊಳ್ಳಿ. ರಾತ್ರಿ ಎಚ್ಚರವಿದ್ದವರು ಅದರ ಅರ್ಧದಷ್ಟು ಹೊತ್ತು ಬೆಳಿಗ್ಗೆ, ಉಣ್ಣುವ ಮೊದಲು, ಮಲಗಬೇಕೆಂದು ವಾಗ್ಭಟರ ಆಯುರ್ವೇದ ಗ್ರಂಥ ಅಷ್ಟಾಂಗಹೃದಯ ಹೇಳುತ್ತದೆ. ಎರಡು ಗಂಟೆ ನಿದ್ದೆಗೆಟ್ಟರೆ ಒಂದು ಗಂಟೆ. ರಾತ್ರಿ ದುಡಿಯುವವರಿಗೆ ನಾವೂ ಇಂಥದೇ ಸಲಹೆ ಕೊಡುತ್ತೇವೆ.

ಪ್ರಶ್ನೆ: ನನಗೆ 48 ವರ್ಷ. ನಾಲ್ಕು ತಿಂಗಳಿಂದ ಒಂಬತ್ತಕ್ಕೇ ಹಾಸಿಗೆ ಸೇರಿದರೂ ಹನ್ನೊಂದೂವರೆಯವರೆಗೆ ಬರೀ ಹೊರಳಾಟ. ನಾಲ್ಕೂವರೆಗೆ ಎಚ್ಚರವಾದರೆ ಮುಗಿಯಿತು, ಗಡಿಯಾರ ನೋಡುತ್ತಾ ಬೆಳಗು ಮಾಡುತ್ತೇನೆ. ಎರಡು ತಿಂಗಳಿಂದ ದಿನಾ ಆಲ್ಪ್ರಾಜೋಲಾಮ್ ನುಂಗುತ್ತಿದ್ದೇನೆ. ಬಿಟ್ಟರೆ ಕಣ್ಣೇ ಮುಚ್ಚುವುದಿಲ್ಲ.
– ಗೃಹಿಣಿ, ಹಿರಿಯೂರು

ಉತ್ತರ: ಮಲಗಲು ಸಮಯವಿದ್ದೂ ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಹಗಲಿನ ಕೆಲಸಕ್ಕೂ ತೊಂದರೆಯಾಗಿ, ಮೂರು ತಿಂಗಳು ದಾಟಿದರೆ ಅದು ದೀರ್ಘಕಾಲದ ಅನಿದ್ರೆ. ಆಲ್ಪ್ರಾಜೋಲಾಮ್ ಅಭ್ಯಾಸವಾಗುವ ಮಾತ್ರೆ. ಹಾಗೆಂದು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ನಡುಕ, ಗಾಬರಿ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು.

ಅನಿದ್ರೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮಲಗುವ ರೂಢಿಯನ್ನೂ ನಿದ್ದೆಯ ಬಗೆಗಿನ ಆತಂಕವನ್ನೂ ತಿದ್ದುವ ಚಿಕಿತ್ಸೆ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಇದನ್ನೇ ಶಿಫಾರಸು ಮಾಡಿತು. ನಿಮಗೆ ಬರುತ್ತಿರುವುದು ಐದು ಗಂಟೆ ನಿದ್ದೆ. ಆದ್ದರಿಂದ ರಾತ್ರಿ ಹನ್ನೊಂದೂವರೆಗೆ ಮೊದಲು ಹಾಸಿಗೆಗೆ ಹೋಗಬೇಡಿ, ಬೆಳಿಗ್ಗೆ ಐದಕ್ಕೆ ಎದ್ದುಬಿಡಿ. ಅಂದಾಜು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮಲಗಿ. ಗಡಿಯಾರ ಕಣ್ಣಿಗೆ ಬೀಳದಿರಲಿ. ಮಲಗಿದ ಹೊತ್ತೆಲ್ಲ ಹೆಚ್ಚುಕಡಿಮೆ ನಿದ್ದೆಯಲ್ಲೇ ಕಳೆಯತೊಡಗಿದ ಮೇಲೆ ವಾರಕ್ಕೆ ಹದಿನೈದು ನಿಮಿಷದಂತೆ ಮಲಗುವ ವೇಳೆಯನ್ನು ಹಿಂದಕ್ಕೆ ತನ್ನಿ. ಮೇಲಿನ ರೈತರಿಗೆ ಹೇಳಿದ ಹಗಲು ನಿದ್ದೆ ನಿಮಗೆ ಸಲ್ಲದು. ಹಗಲು ಮಲಗಿದಷ್ಟೂ ರಾತ್ರಿಯ ನಿದ್ದೆ ದೂರವಾಗುತ್ತದೆ.

ಮೊದಲ ವಾರಗಳು ಕಷ್ಟವೇ. ತೂಕಡಿಕೆ ಇರುವಾಗ ಸ್ಕೂಟರ್ ಓಡಿಸಬೇಡಿ. ಮೂರ್ಛೆ ರೋಗ, ಬೈಪೋಲಾರ್ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಈ ಕ್ರಮಕ್ಕೆ ಕೈಹಾಕಬಾರದು. ಮುಟ್ಟು ನಿಲ್ಲುವ ವಯಸ್ಸಿನ ಮೈಬಿಸಿ, ಥೈರಾಯ್ಡ್, ಕಬ್ಬಿಣಾಂಶದ ಕೊರತೆಯಿಂದ ಸಂಜೆ ಕಾಲು ಚಡಪಡಿಸುವುದು, ಗೊರಕೆಯ ನಡುವೆ ಉಸಿರು ಕಟ್ಟುವುದು, ಖಿನ್ನತೆ – ಇವನ್ನೂ ಪರೀಕ್ಷೆ ಮಾಡಿಸಿ.

ಪ್ರಶ್ನೆ: 70 ವರ್ಷದ ನಮ್ಮ ತಂದೆಗೆ ನಿದ್ದೆ ಕಡಿಮೆ. ಬಿಪಿ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಶ್ವಗಂಧ ಕೊಡಬಹುದೇ? ಆಯುರ್ವೇದದಲ್ಲಿ ಅಡ್ಡಪರಿಣಾಮ ಇಲ್ಲವಲ್ಲ?
– ಓದುಗರು, ಹೊಸದುರ್ಗ

ಉತ್ತರ: ಕೆಲಸ ಮಾಡುವ ಯಾವ ಔಷಧಿಗೂ ಅಡ್ಡಪರಿಣಾಮ ಇರಬಹುದು. ಅಶ್ವಗಂಧದಿಂದ ನಿದ್ದೆ ಸ್ವಲ್ಪ ಸುಧಾರಿಸುತ್ತದೆಂದು ಸಣ್ಣ ಅಧ್ಯಯನಗಳು ತೋರಿಸಿವೆ. ಆದರೆ ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ನಿದ್ದೆ ಮಾತ್ರೆಯ ಮಂಪರು ಹೆಚ್ಚಿಸಬಹುದು, ಅಪರೂಪಕ್ಕೆ ಯಕೃತ್ತಿಗೂ ಹಾನಿ ಮಾಡಬಹುದು. ನಿದ್ದೆಗೆಂದು ಬಳಸುವ ಇನ್ನೊಂದು ಮೂಲಿಕೆ ಸರ್ಪಗಂಧ ಇನ್ನೂ ತೀಕ್ಷ್ಣ. 1952ರಲ್ಲಿ ಅದರಿಂದ ಬೇರ್ಪಡಿಸಿದ ರೆಸರ್ಪಿನ್ ರಕ್ತದೊತ್ತಡ ಇಳಿಸುವ ಔಷಧಿಯಾಗಿಯೇ ಬಳಕೆಗೆ ಬಂತು. ಬಿಪಿ ಮಾತ್ರೆಯ ಜೊತೆ ಅದೂ ಸೇರಿದರೆ ಒತ್ತಡ ಕುಸಿದು, ತಲೆಸುತ್ತಿ ಬೀಳುವ ಭಯವಿದೆ. ಬಿಎಎಂಎಸ್ ವೈದ್ಯರಿಗೆ ಎಲ್ಲ ಮಾತ್ರೆಗಳ ಚೀಟಿ ತೋರಿಸಿ, ಅವರು ಹೇಳಿದರೆ ಮಾತ್ರ ಕೊಡಿ.

ನಿದ್ದೆ ಕೆಟ್ಟವರಿಗೆ ಚರಕಸಂಹಿತೆ ಹೇಳುವ ಅಭ್ಯಂಗ, ಸ್ನಾನ, ಹಾಲು, ಮನಸ್ಸಿಗೆ ಹಿತವಾದ ಮಾತು ಮನೆಯಲ್ಲೇ ಆಗುವಂಥವು. ರಾತ್ರಿ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಹತ್ತು ನಿಮಿಷ ಅಂಗಾಲು ತಿಕ್ಕಿ. ಜಾರದಂತೆ ಬಟ್ಟೆಯಿಂದ ಒರೆಸಿ. ಹೊತ್ತು ಮುಳುಗಿದ ಮೇಲೆ ನೀರು ಕಡಿಮೆ ಕುಡಿಯಲಿ, ಬೆಳಿಗ್ಗೆ ಬಿಸಿಲಲ್ಲಿ ನಡೆಯಲಿ. ಮನಸ್ಸಿನ ಭಾರವೇ ನಿದ್ದೆ ಕದಿಯುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಗಲಿರುಳೂ ಉಚಿತ.