ಕಾಡಿನ ಕೆಳಗಿನ ನೆಲವನ್ನು ಅಳೆಯುವ ಬೆಳಕು

ದಟ್ಟವಾದ ಕಾಡು ಬೆಳೆದ ಗುಡ್ಡವನ್ನು ನೋಡಿದರೆ ನಮ್ಮ ಕಣ್ಣಿಗೆ ಬೀಳುವುದು ಮರಗಳೇ ಹೊರತು ನೆಲವಲ್ಲ. ಆ ಗುಡ್ಡ ಹಿಂದೆ ಎಂದಾದರೂ ಜರಿದಿದ್ದರೆ ಅದರ ಗುರುತನ್ನೂ ಮರಗಿಡಗಳು ಮುಚ್ಚಿಬಿಡುತ್ತವೆ. ಹೀಗೆ ಮರೆಯಾದ ನೆಲವನ್ನು ವಿಮಾನದಿಂದ ಅಳೆದು ನಕ್ಷೆ ಬರೆಯುವ ವಿಧಾನಕ್ಕೆ ‘ಲೈಡಾರ್’ ಎಂದು ಹೆಸರು.

ಲೇಸರ್ ಬೆಳಕನ್ನು 1960ರಲ್ಲಿ ಮೊದಲು ಉಂಟುಮಾಡಿದವರು ಅಮೆರಿಕದ ವಿಜ್ಞಾನಿ ಥಿಯೋಡರ್ ಮೈಮನ್. 1971ರಲ್ಲಿ ಅಪೋಲೋ-15 ನೌಕೆಯು ಚಂದ್ರನನ್ನು ಸುತ್ತುತ್ತಾ ಅಲ್ಲಿನ ಏರುತಗ್ಗುಗಳನ್ನು ಲೇಸರಿನಿಂದ ಅಳೆಯಿತು. ಇಂದು ವಿಮಾನದಲ್ಲಿಟ್ಟ ಉಪಕರಣವು ಸೆಕೆಂಡಿಗೆ ಲಕ್ಷಾಂತರ ಬೆಳಕಿನ ಮಿಡಿತಗಳನ್ನು ನೆಲದತ್ತ ಕಳುಹಿಸಿ, ಪ್ರತಿಯೊಂದೂ ಹಿಂದಿರುಗಲು ಹಿಡಿದ ಕಾಲವನ್ನು ಅಳೆಯುತ್ತದೆ.

ಒಂದು ಲೆಕ್ಕ ಮಾಡೋಣ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಒಂದು ಮಿಡಿತವು ಹೋಗಿ ಬರಲು ಸೆಕೆಂಡಿನ ಲಕ್ಷದಲ್ಲೊಂದು ಪಾಲು ಹಿಡಿದರೆ ಅದು ಕ್ರಮಿಸಿದ ದೂರ 3 ಕಿ.ಮೀ. ಇದರಲ್ಲಿ ಅರ್ಧ ಹೋದ ದಾರಿ, ಅರ್ಧ ಬಂದ ದಾರಿ. ಆದುದರಿಂದ ನೆಲವು ವಿಮಾನದಿಂದ 1,500 ಮೀಟರ್ ಕೆಳಗಿದೆ ಎಂದಾಯಿತು. ವಿಮಾನವಿರುವ ಸ್ಥಳವನ್ನು ಉಪಗ್ರಹಗಳ ನೆರವಿನಿಂದ ಕಂಡುಕೊಳ್ಳುತ್ತಾರೆ.

ಮಿಡಿತಗಳಲ್ಲಿ ಕೆಲವು ಎಲೆಗಳಿಗೆ ತಾಗಿ ಮರಳುತ್ತವೆ. ಕೆಲವು ಎಲೆಗಳ ಸಂದಿನಲ್ಲಿ ನುಸುಳಿ ನೆಲ ಮುಟ್ಟಿ ಬರುತ್ತವೆ. ಗಣಕಯಂತ್ರವು ಮರಗಳ ಬಿಂದುಗಳನ್ನು ಬೇರ್ಪಡಿಸಿದರೆ ಬರಿಯ ನೆಲದ ರೂಪ ಉಳಿಯುತ್ತದೆ. ಕೆಲವು ವರ್ಷಗಳ ಬಳಿಕ ಮತ್ತೆ ಅಳೆದು ಎರಡು ನಕ್ಷೆಗಳನ್ನು ಹೋಲಿಸಿದರೆ ಎಲ್ಲಿ ಮಣ್ಣು ಕೊಚ್ಚಿಹೋಯಿತು, ಎಲ್ಲಿ ತುಂಬಿತು ಎಂಬುದೂ ತಿಳಿಯುತ್ತದೆ.

ಇದರ ಮಹತ್ವವನ್ನು ತಿಳಿಸುವ ಒಂದು ದುಃಖದ ಘಟನೆಯಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಓಸೋ ಎಂಬಲ್ಲಿ 2014ರ ಮಾರ್ಚ್ 22ರಂದು ಗುಡ್ಡವೊಂದು ಜರಿದು, ಹೊಳೆಯನ್ನು ದಾಟಿ, ಆಚೆ ದಡದ ಮನೆಗಳ ಮೇಲೆ ಬಿದ್ದಿತು. 43 ಜನರು ಮಡಿದರು. ಅದೇ ಇಳಿಜಾರು 2006ರಲ್ಲೂ ಕುಸಿದಿತ್ತು. 2003ರ ಲೈಡಾರ್ ಅಳತೆಯಲ್ಲಿ ಆ ಕಣಿವೆಯ ಉದ್ದಕ್ಕೂ ಪುರಾತನ ಕುಸಿತಗಳ ಗುರುತುಗಳು ಕಾಣುತ್ತಿದ್ದುವು. ಆದರೆ ನಕ್ಷೆಯಿದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ಅದನ್ನು ಓದಿ, ಅಲ್ಲಿ ವಾಸಿಸುವವರಿಗೆ ತಿಳಿಸಿ, ಮನೆ ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂದು ಮೊದಲೇ ನಿರ್ಧರಿಸಬೇಕು. 2015ರಲ್ಲಿ ಆ ರಾಜ್ಯವು ಲೈಡಾರ್ ನಕ್ಷೆಗಳನ್ನು ತಯಾರಿಸಿ ಎಲ್ಲರಿಗೂ ಒದಗಿಸುವ ಕೆಲಸವನ್ನು ತನ್ನ ಭೂವಿಜ್ಞಾನ ಇಲಾಖೆಗೆ ವಹಿಸಿತು.

ನಮಗೂ ಇದು ದೂರದ ಮಾತಲ್ಲ. 2024ರ ಜುಲೈ 30ರ ನಸುಕಿನಲ್ಲಿ ನಮ್ಮ ರಾಜ್ಯದ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು.

ಗುಡ್ಡವು ಯಾವ ದಿನ ಕುಸಿಯುವುದೆಂದು ಲೈಡಾರ್ ಹೇಳಲಾರದು. ಎಲ್ಲಿ ಎಚ್ಚರ ಬೇಕೆಂದು ತೋರಿಸಬಲ್ಲುದು. ನಮ್ಮ ಊರಿನಲ್ಲಿ ಹಿಂದೆ ಎಲ್ಲಿ ಗುಡ್ಡ ಜರಿದಿತ್ತು, ತೋಡು ಎಲ್ಲಿ ದಿಕ್ಕು ಬದಲಿಸಿತು ಎಂಬುದು ಹಿರಿಯರ ನೆನಪಿನಲ್ಲಿದೆ. ಅದನ್ನು ಕೇಳಿ ಬರೆದಿಡುವುದು ವಿದ್ಯಾರ್ಥಿಗಳಾದ ನಮ್ಮಿಂದ ಆಗುವ ಕೆಲಸ. ಹಿರಿಯರ ನೆನಪೂ ವಿಜ್ಞಾನದ ಅಳತೆಯೂ ಕೂಡಿದರೆ ನಾಳೆಯ ಮನೆಗಳಿಗೆ ಭದ್ರವಾದ ನೆಲ ಸಿಕ್ಕೀತು.